ರೋಗಿಯಾದ ವೈದ್ಯ: ಆಂಟನ್ ಚೆಕೋವ್

ರಷ್ಯಾ ದೇಶದ ಕಥೆಗಾರ ಆಂಟನ್ ಚೆಕೋವನ ಹೆಸರನ್ನು ಕೇಳದ ಸಾಹಿತ್ಯ ವಿದ್ಯಾರ್ಥಿಗಳು ನಮ್ಮ ಕಾಲೇಜಿನಲ್ಲಿ ವಿರಳ. ಸಣ್ಣಕಥೆಯ ಮಾತು ಬಂದಾಗ ಫ್ರಾನ್ಸಿನ ಮೊಪಾಸಾನ ಜೊತೆಯಲ್ಲಿ ಈತನ ಹೆಸರು ಬಂದೇ ಬರುತ್ತದೆ. ನಾಟಕದ ಮಾತು ಬಂದಾಗಲೂ ಅಷ್ಟೆ. ಆತನು ವೃತ್ತಿಯಿಂದ ವೈದ್ಯನಾಗಿದ್ದನೆಂಬುದೂ ಬಹುಮಂದಿಗೆ ತಿಳಿದ ಸಂಗತಿಯೇ. ಆದರೆ ಈ ವೈದ್ಯನು ಇಪ್ಪತ್ತನಾಲ್ಕನೆಯ ವಯಸ್ಸಿನಿಂದ ಹಿಡಿದು ನಲವತ್ತನಾಲ್ಕರಲ್ಲಿ ಕಣ್ಣು ಮುಚ್ಚುವವರೆಗೆ ಸ್ವತಃ ರೋಗಿಯಾಗಿದ್ದನೆಂಬುದನ್ನು ನಾವು ಜೀವನಚರಿತ್ರೆಯ ಕೊನೆಯಲ್ಲಿ ಒಂದು ಸಾಲಿನಲ್ಲಿ ಓದಿ ಮುಂದಕ್ಕೆ ಹೋಗಿಬಿಡುತ್ತೇವೆ. ಆ ಇಪ್ಪತ್ತು ವರ್ಷಗಳ ಪೈಕಿ ಮೊದಲ ಹನ್ನೆರಡು ಹದಿಮೂರು ವರ್ಷ ಆತನು ತನಗೆ ಕ್ಷಯರೋಗವಿದೆಯೆಂದು ಬಾಯಿಬಿಟ್ಟು ಒಪ್ಪಿಕೊಳ್ಳಲೇ ಇಲ್ಲ. ತಿಳಿಯದವನಾಗಿದ್ದರೆ ಬೇರೆ ಮಾತು. ಆತನಾದರೋ ಪರರ ಎದೆಯನ್ನು ಪರೀಕ್ಷಿಸಿ ಅದೇ ರೋಗವನ್ನು ಗುರುತಿಸಿ ಹೇಳುತ್ತಿದ್ದವನು! ನನ್ನ ಮನಸ್ಸನ್ನು ಆತನ ಕಥೆಗಳಿಗಿಂತ ಮೊದಲು ಹಿಡಿದದ್ದು ಈ ಸಂಗತಿ. ಆತನ ಸಾಹಿತ್ಯದ ವಿಮರ್ಶೆಯನ್ನು ಬಲ್ಲವರಿಗೆ ಬಿಟ್ಟು ಇದನ್ನು ಮಾತ್ರ ಇಲ್ಲಿ ಬರೆಯಹೊರಟಿದ್ದೇನೆ.

ಚೆಕೋವನು ಹುಟ್ಟಿದ್ದು 1860ನೆಯ ಇಸವಿ ಜನವರಿ 29ರಂದು, ಅಜೋವ್ ಸಮುದ್ರದ ದಡದಲ್ಲಿರುವ ಟಗನ್‌ರಾಗ್ ಎಂಬ ಬಂದರು ಪಟ್ಟಣದಲ್ಲಿ. ಆತನ ಅಜ್ಜ ಯೆಗೋರನು ಜೀತದಾಳು. ಆಗಿನ ರಷ್ಯಾದಲ್ಲಿ ಜಮೀನು ಯಾರದೋ ಅದನ್ನು ಉಳುವ ಜನವೂ ಅವನದೇ ಸೊತ್ತು. ಯೆಗೋರನು ಕಾಸಿಗೆ ಕಾಸು ಕೂಡಿಸಿ 1841ರಲ್ಲಿ 3,500 ರೂಬಲ್ ತೆತ್ತು ತನ್ನನ್ನೂ ಹೆಂಡತಿಮಕ್ಕಳನ್ನೂ ಬಿಡಿಸಿಕೊಂಡನು. ಮಗಳೊಬ್ಬಳ ಮಟ್ಟಿಗೆ ಹಣ ಸಾಲದೆ ಬಂದಿತು. ಸಂತೆಯಲ್ಲಿ ಕೊಸರು ಹಾಕುವಂತೆ ಒಡೆಯನು ಅವಳನ್ನೂ ಸೇರಿಸಿ ಕೊಟ್ಟುಬಿಟ್ಟನು. ದೇಶದಲ್ಲಿ ಜೀತಪದ್ಧತಿ ರದ್ದಾದದ್ದು 1861ರಲ್ಲಿ, ಮೊಮ್ಮಗನು ಹುಟ್ಟಿದ ಮರುವರ್ಷ. ಜೀತವೆಂಬ ಮಾತಿನ ಅರ್ಥವನ್ನು ನಾನು ನಿಘಂಟಿನಿಂದ ತಿಳಿದವನಲ್ಲ. ನಮ್ಮ ಮುತ್ತಾತನು ಊರಿನ ದೊಡ್ಡಮನೆಯೊಂದರಲ್ಲಿ ಜೀತಕ್ಕಿದ್ದವನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಆದುದರಿಂದ ಈ ಕೊಸರಿನ ಕಥೆಯನ್ನು ಓದಿದಾಗ ರಷ್ಯಾ ನನಗೆ ಅಷ್ಟೇನೂ ದೂರವೆನಿಸಲಿಲ್ಲ.

ತಂದೆ ಪಾವೆಲನದು ಕಿರಾಣಿ ಅಂಗಡಿ. ದೈವಭಕ್ತ, ಆದರೆ ಮಹಾ ಮುಂಗೋಪಿ. ಮಕ್ಕಳಿಗೆ ಪೆಟ್ಟು ತಪ್ಪಿದ ದಿನವಿರಲಿಲ್ಲ. ಬೆಳಗಿನ ಜಾವದಲ್ಲಿ ಚಳಿಯಲ್ಲಿ ಎಬ್ಬಿಸಿ ಚರ್ಚಿನಲ್ಲಿ ಹಾಡಲು ನಿಲ್ಲಿಸುತ್ತಿದ್ದನು, ಸಂಜೆ ಅಂಗಡಿಯಲ್ಲಿ ಕೂರಿಸುತ್ತಿದ್ದನು. ಇಷ್ಟೆಲ್ಲ ಆದರೂ ಅಂಗಡಿ ಉಳಿಯಲಿಲ್ಲ. 1876ರಲ್ಲಿ ದಿವಾಳಿಯೆದ್ದು, ಸಾಲ ಕೊಟ್ಟವರ ಕಣ್ಣು ತಪ್ಪಿಸಿ ಮಾಸ್ಕೋ ನಗರಕ್ಕೆ ಓಡಿಹೋದನು. ಸಂಸಾರ ಅವನನ್ನು ಹಿಂಬಾಲಿಸಿತು. ಹದಿನಾರು ವರ್ಷದ ಆಂಟನ್ ಮಾತ್ರ ಓದು ಮುಗಿಸಲೆಂದು ಟಗನ್‌ರಾಗಿನಲ್ಲಿಯೇ ಉಳಿದನು. ತಮ್ಮದೇ ಆಗಿದ್ದ ಮನೆ ಪರರ ಪಾಲಾಗಿತ್ತು. ಅದೇ ಮನೆಯ ಮೂಲೆಯೊಂದರಲ್ಲಿ, ಹೊಸ ಯಜಮಾನನ ಸೋದರಳಿಯನಿಗೆ ಪಾಠ ಹೇಳಿಕೊಡುವ ಕರಾರಿನ ಮೇಲೆ, ಆತನಿಗೆ ನೆಲೆ ದೊರೆಯಿತು. ಮನೆಯಲ್ಲಿ ಉಳಿದಿದ್ದ ಪಾತ್ರೆಪಡಗ ಮಾರಿ ಬಂದ ಹಣವನ್ನೂ ಪಾಠ ಹೇಳಿ ಗಳಿಸಿದ್ದನ್ನೂ ಮಾಸ್ಕೋಗೆ ಕಳುಹಿಸುತ್ತಿದ್ದನು. ಹೀಗೆ ಮೂರು ವರ್ಷ.

1879ರಲ್ಲಿ ಟಗನ್‌ರಾಗ್ ಪುರಸಭೆಯ ತಿಂಗಳಿಗೆ 25 ರೂಬಲ್ ವಿದ್ಯಾರ್ಥಿವೇತನವನ್ನು ಸಂಪಾದಿಸಿಕೊಂಡು ಮಾಸ್ಕೋ ವಿಶ್ವವಿದ್ಯಾನಿಲಯದ ವೈದ್ಯ ವಿಭಾಗಕ್ಕೆ ಸೇರಿದನು. ಬರುವಾಗ ಬಾಡಿಗೆ ಕೊಟ್ಟು ಮನೆಯಲ್ಲಿ ಇರತಕ್ಕ ಇಬ್ಬರು ಸಹಪಾಠಿಗಳನ್ನೂ ಕರೆತಂದನಂತೆ! ಹತ್ತೊಂಬತ್ತರ ಹುಡುಗನ ಲೆಕ್ಕಾಚಾರ ನೋಡಿ. ಇಬ್ಬರು ಅಣ್ಣಂದಿರು ಪ್ರತಿಭಾವಂತರಾದರೂ ಕುಡಿತಕ್ಕೆ ಬಿದ್ದಿದ್ದರು. ತಂದೆಯ ಸಂಬಳ ಏತಕ್ಕೂ ಸಾಲದು. ಆದುದರಿಂದ ಮೂರನೆಯ ಮಗನಾದ ಆಂಟನ್ನನೇ ಮನೆಯ ಯಜಮಾನನಾದನು. ಹಗಲು ಶವ ಕೊಯ್ಯುವ ಕೋಣೆಯಲ್ಲಿ ಪಾಠ, ರಾತ್ರಿ ನಗೆ ಪತ್ರಿಕೆಗಳಿಗೆ ಸಾಲಿಗೆ ಇಷ್ಟು ಕೊಪೆಕ್ ಎಂಬ ಲೆಕ್ಕದಲ್ಲಿ ಚಿಕ್ಕಚಿಕ್ಕ ಕಥೆಗಳು. ಹೆಸರು ಅಂತೋಷಾ ಚೆಕೊಂಟೆ. ಸುತ್ತಲೂ ಗಲಾಟೆ ಮಾಡುವ ಮನೆಮಂದಿಯ ನಡುವೆ ಕುಳಿತು ಬರೆದ ಆ ಕಥೆಗಳಿಂದ ಮನೆಯ ಬಾಡಿಗೆ ಸಂದಾಯವಾಗುತ್ತಿತ್ತು, ಒಲೆ ಉರಿಯುತ್ತಿತ್ತು.

1884ರಲ್ಲಿ ಪದವಿ ಬಂದಿತು. ಅದೇ ವರ್ಷ ಡಿಸೆಂಬರಿನಲ್ಲಿ ಬಾಯಿಂದ ರಕ್ತ ಬಂದಿತು.

ಆಗ ಆತನು ಮಾಸ್ಕೋದ ನ್ಯಾಯಾಲಯದಲ್ಲಿ ನಡೆಯುತ್ತಿದ್ದ ಬ್ಯಾಂಕ್ ಮೋಸದ ವಿಚಾರಣೆಯೊಂದನ್ನು ಪೀಟರ್ಸ್‌ಬರ್ಗಿನ ಪತ್ರಿಕೆಗೆ ವರದಿ ಮಾಡುತ್ತಿದ್ದನು. ರಕ್ತವು ಕೆಲವು ದಿನ ಬಂದು ನಿಂತಿತು. ಗಂಟಲಿನಲ್ಲಿ ಯಾವುದೋ ಚಿಕ್ಕ ರಕ್ತನಾಳ ಒಡೆದಿರಬೇಕೆಂದೂ ಕ್ಷಯಕ್ಕೂ ಇದಕ್ಕೂ ಸಂಬಂಧವಿಲ್ಲವೆಂದೂ ಸ್ನೇಹಿತರಿಗೆ ಹೇಳಿದನು. ಈ ಮಾತನ್ನು ಒಬ್ಬ ಗುಮಾಸ್ತನೋ ರೈತನೋ ಹೇಳಿದ್ದರೆ ಕೇಳಬಹುದಾಗಿತ್ತು. ಚೆಕೋವನು ಮೂರನೆಯ ವರ್ಷದ ವಿದ್ಯಾರ್ಥಿಯಾಗಿದ್ದಾಗಲೇ, 1882ರ ಮಾರ್ಚ್ ತಿಂಗಳಲ್ಲಿ, ರಾಬರ್ಟ್ ಕಾಕ್ ಎಂಬ ಪಂಡಿತನು ಬರ್ಲಿನ್ ನಗರದಲ್ಲಿ ಕ್ಷಯದ ಕ್ರಿಮಿಯನ್ನು ಕಂಡುಹಿಡಿದುದಾಗಿ ಸಾರಿದ್ದನು. ಯುರೋಪಿನ ವೈದ್ಯಪ್ರಪಂಚವೆಲ್ಲ ಅದನ್ನೇ ಮಾತನಾಡುತ್ತಿದ್ದ ಕಾಲವದು. ಬಹುದಿನದ ಕೆಮ್ಮು, ಬಡಕಲು ಶರೀರ, ರಕ್ತ: ಇವು ಮೂರೂ ಒಬ್ಬ ತರುಣನಲ್ಲಿ ಕೂಡಿ ಬಂದರೆ ಏನೆಂದು ಊಹಿಸಬೇಕೆಂಬುದು ಹೊಸದಾಗಿ ಪದವಿ ಪಡೆದು ಬಂದ ವೈದ್ಯನಿಗೆ ಗೊತ್ತಿಲ್ಲದಿದ್ದೀತೆ?

ಗೊತ್ತಿತ್ತೆಂಬುದಕ್ಕೆ ಸಾಕ್ಷಿಯೂ ಇದೆ. 1886ರ ಮಾರ್ಚ್ ತಿಂಗಳಲ್ಲಿ ಹಿರಿಯ ಸಾಹಿತಿ ಗ್ರಿಗೊರೋವಿಚನು, ತಾನಾಗಿಯೇ, ಈ ಪರಿಚಯವಿಲ್ಲದ ತರುಣನಿಗೆ ಪತ್ರ ಬರೆದು, ನಿನ್ನಲ್ಲಿ ದೊಡ್ಡ ಶಕ್ತಿಯಿದೆ, ಅವಸರದ ಬರವಣಿಗೆಯಲ್ಲಿ ಅದನ್ನು ಹಾಳುಮಾಡಿಕೊಳ್ಳಬೇಡವೆಂದು ಬುದ್ಧಿ ಹೇಳಿದನು. ಕೀರ್ತಿಯ ಬಾಗಿಲು ತೆರೆದುದು ಅಂದು. ಮರುತಿಂಗಳು ಮತ್ತೆ ರಕ್ತ. ಆಗ ಚೆಕೋವನು ತನ್ನ ಪತ್ರಿಕಾ ಸಂಪಾದಕನಾದ ಲೇಯ್ಕಿನನಿಗೆ ಬರೆದ ಪತ್ರದಲ್ಲಿ, ಜೊತೆಯ ವೈದ್ಯರ ಕೈಗೆ ತನ್ನ ಎದೆಯನ್ನು ಪರೀಕ್ಷೆಗೆ ಒಪ್ಪಿಸಲು ಹೆದರಿಕೆಯೆಂದು ಒಪ್ಪಿಕೊಂಡಿದ್ದಾನೆ. ಇದು ತಿಳಿಯದವನ ಹೆದರಿಕೆಯಲ್ಲ, ತಿಳಿದವನ ಹೆದರಿಕೆ.

ಇದನ್ನು ಹೇಡಿತನವೆಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಒಂದು ಕ್ಷಣ ಆ ಮನೆಯ ಒಳಗನ್ನು ಯೋಚಿಸಿರಿ. ತಂದೆತಾಯಿ ಇವನ ಅನ್ನದಲ್ಲಿದ್ದಾರೆ. ತಂಗಿ ಮಾರಿಯಾ ಓದುತ್ತಿದ್ದಾಳೆ, ಕಿರಿಯ ತಮ್ಮ ಮಿಖಾಯಿಲನೂ ಓದುತ್ತಿದ್ದಾನೆ. ಅಣ್ಣ ನಿಕೊಲಾಯನು ಒಳ್ಳೆಯ ಚಿತ್ರಕಾರ, ಆದರೆ ಇಂದು ಎಲ್ಲಿದ್ದಾನೆ, ನಾಳೆ ಎಲ್ಲಿರುತ್ತಾನೆ ಯಾರಿಗೂ ತಿಳಿಯದು. ಆ ಒಂದು ವರ್ಷದಲ್ಲಿ ಚೆಕೋವನು ಬರೆದು ಅಚ್ಚಿಗೆ ಕೊಟ್ಟ ಕಥೆ ಲೇಖನಗಳು ನೂರಕ್ಕೂ ಮಿಕ್ಕವು. ಕ್ಷಯವೆಂಬ ಮಾತನ್ನು ಒಬ್ಬ ವೈದ್ಯನು ಒಮ್ಮೆ ಉಚ್ಚರಿಸಿಬಿಟ್ಟರೆ ಅದರ ಹಿಂದೆಯೇ ಅಪ್ಪಣೆಗಳು ಬರುತ್ತವೆ: ಕೆಲಸ ಬಿಡು, ದಕ್ಷಿಣದ ಬೆಚ್ಚನೆಯ ಸೀಮೆಗೆ ಹೋಗು, ಹಾಲು ಕುಡಿ, ಮಲಗು. ಆ ಕಾಲದಲ್ಲಿ ಇದ್ದ ಚಿಕಿತ್ಸೆ ಇಷ್ಟೇ. ಹಣವಂತರ ಚಿಕಿತ್ಸೆ. ಈತ ಮಲಗಿದರೆ ಆ ಏಳೆಂಟು ಹೊಟ್ಟೆಗಳ ಗತಿಯೇನು? ಹೆಸರಿಲ್ಲದ ರೋಗವು ಮನುಷ್ಯನನ್ನು ಮಲಗಿಸುವುದಿಲ್ಲ. ಆದುದರಿಂದ ಆತನು ಅದಕ್ಕೆ ಹೆಸರಿಡಲು ಬಿಡಲಿಲ್ಲ. ಹೀಗೆಂದು ಆತನು ಎಲ್ಲಿಯೂ ಬರೆದಿಲ್ಲ. ಇದು ನನ್ನ ತಿಳಿವಳಿಕೆ.

ಈ ತಿಳಿವಳಿಕೆ ನನಗೆ ಪುಸ್ತಕದಿಂದ ಬಂದುದಲ್ಲವಾದ್ದರಿಂದ ಇಲ್ಲಿ ನನ್ನ ಮಾತನ್ನೂ ಸ್ವಲ್ಪ ಹೇಳಬೇಕಾಗಿದೆ. ವಾಚಕರು ಕ್ಷಮಿಸಬೇಕು. ನಾನು ಪಿ.ಯು.ಸಿ. ಮೊದಲ ವರ್ಷದಲ್ಲಿದ್ದಾಗ ನನಗೆ ಸಕ್ಕರೆ ಕಾಯಿಲೆ ತಗುಲಿತು. ವಯಸ್ಸಾದವರಲ್ಲಿ ಸಾಮಾನ್ಯವಾಗಿ ಕಾಣುವ ಬಗೆಯಲ್ಲ. ಶರೀರವು ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿಬಿಡುವ, ಹೆಚ್ಚಾಗಿ ಎಳೆಯರನ್ನು ಹಿಡಿಯುವ ಬಗೆ. ಅಂದಿನಿಂದ ದಿನಕ್ಕೆ ಎರಡು ಹೊತ್ತು ಸೂಜಿ ಚುಚ್ಚಿಕೊಳ್ಳುತ್ತೇನೆ. ಹಾಸ್ಟೆಲಿನ ಕೋಣೆಯಲ್ಲಿ ಫ್ರಿಜ್ಜಿಲ್ಲ. ದೊಡ್ಡ ಮಡಕೆಯ ನೀರಿನಲ್ಲಿ ಚಿಕ್ಕ ಕುಡಿಕೆಯೊಂದನ್ನು ಇಟ್ಟು ಅದರಲ್ಲಿ ಔಷಧದ ಸೀಸೆಯನ್ನು ತಣ್ಣಗಿಡುತ್ತೇನೆ. ಆಸ್ಪತ್ರೆಯಿಂದ ಹಿಂದಿರುಗಿದ ದಿನ ಅವ್ವ ಹೇಳಿದ್ದು ಒಂದೇ ಮಾತು: ಊರಿನಲ್ಲಿ ಯಾರ ಹತ್ತಿರವೂ ಬಾಯಿ ಬಿಡಬೇಡ ಮಗಾ, ಎಂದು. ತಂಗಿಯ ಮದುವೆ ಇನ್ನೂ ಆಗಬೇಕಾಗಿತ್ತು. ಜಾತ್ರೆಯಲ್ಲಿ ಬೆಂಡುಬತ್ತಾಸು ಬೇಡವೆಂದರೆ ಚಿಕ್ಕಪ್ಪಂದಿರು ಪಟ್ಟಣದ ಜಂಬವೆಂದರು, ನಾನು ಹೌದೆಂದೆ. ಮೊದಲ ವರ್ಷವೆಲ್ಲ ನನ್ನಲ್ಲಿದ್ದದ್ದು ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು. ಯಾರ ಮೇಲೆಂದು ಕೇಳಿದರೆ ಹೇಳಲಾರೆ. ಜ್ವರ ಬಂದರೆ ಬಿಡುತ್ತದೆ, ಕೈ ಮುರಿದರೆ ಕೂಡುತ್ತದೆ. ಇದು ಬಿಡುವುದೂ ಇಲ್ಲ, ಕೂಡುವುದೂ ಇಲ್ಲ. ಯಾವಾಗ ವಾಸಿಯಾಗುತ್ತದೆಂದು ಅವ್ವ ಕೇಳಿದಾಗಲೆಲ್ಲ ಪರೀಕ್ಷೆ ಮುಗಿಯಲೆಂದು ಹೇಳುತ್ತಿದ್ದೆ. ಪರೀಕ್ಷೆಗಳೇನೋ ಮುಗಿಯುತ್ತಲೇ ಇದ್ದವು. ತಂಗಿಯ ಮದುವೆ ಕಳೆದ ವೈಶಾಖದಲ್ಲಿ ನೆರವೇರಿತು. ಬೀಗರಿಗೆ ಮಾತುಕತೆಯ ದಿನವೇ ಅವ್ವನೇ ವಿಷಯ ತಿಳಿಸಿದಳು. ಅವರು ಅದಕ್ಕೇನು ಎಂದರಂತೆ. ಅದರಿಂದಲೇ ಈಗ ಇದನ್ನು ಇಲ್ಲಿ ಅಚ್ಚಿಗೆ ಕೊಡಲು ಸಾಧ್ಯವಾಗಿದೆ.

ಆದರೆ ನನ್ನ ಪಾಡಿಗೂ ಆತನ ಪಾಡಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ನನ್ನ ಕಾಯಿಲೆಯ ಮದ್ದನ್ನು 1922ರ ಜನವರಿಯಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊದಲು ಚುಚ್ಚಿದರು. ಅಲ್ಲಿಗೆ ಅದು ಸಾವಿನ ಕಾಯಿಲೆಯಾಗಿದ್ದುದು ಬಾಳಿನ ಕಾಯಿಲೆಯಾಯಿತು. ಕ್ಷಯಕ್ಕೆ ನಾಟುವ ಮೊದಲ ಮದ್ದಾದ ಸ್ಟ್ರೆಪ್ಟೊಮೈಸಿನ್ ದೊರೆತುದು 1943ರಲ್ಲಿ, ಚೆಕೋವನು ತೀರಿಕೊಂಡು ಮೂವತ್ತೊಂಬತ್ತು ವರ್ಷವಾದ ಮೇಲೆ. ಇಂದು ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ತಪ್ಪದೆ ಮಾತ್ರೆ ನುಂಗಿದರೆ ವಾಸಿ. ಬೆಂಗಳೂರಿನಲ್ಲಿ 1959ರಿಂದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯೇ ಇದೆ. ಆತನ ಕಾಲದಲ್ಲಿ ಪರೀಕ್ಷೆ ಮಾಡಿಸಿಕೊಂಡರೆ ದೊರೆಯುತ್ತಿದ್ದುದು ರೋಗದ ಹೆಸರೇ ಹೊರತು ಮದ್ದಲ್ಲ. ಇದನ್ನು ಮರೆತು ಆತನನ್ನು ಅಳೆಯಬಾರದು.

1888ರ ಅಕ್ಟೋಬರಿನಲ್ಲಿ ಆತನಿಗೆ ವಿಜ್ಞಾನ ಅಕಾಡೆಮಿಯವರು ಪುಷ್ಕಿನ್ ಬಹುಮಾನವನ್ನು ಕೊಟ್ಟರು. ಪ್ರಶಸ್ತಿಯ ಅರ್ಧಭಾಗ, 500 ರೂಬಲ್. ಜೀತದಾಳಿನ ಮೊಮ್ಮಗನು ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ದೇಶದ ಮೊದಲ ಸಾಲಿನ ಲೇಖಕರಲ್ಲಿ ಬಂದು ನಿಂತನು. ಅದೇ ತಿಂಗಳು ಮತ್ತೆ ರಕ್ತ. ಕೀರ್ತಿಯೂ ರಕ್ತವೂ ಈತನಿಗೆ ಜೊತೆಜೊತೆಯಾಗಿ ಬರುತ್ತಿದ್ದುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಆಗ ತನ್ನ ಹಿರಿಯ ಗೆಳೆಯನೂ ಪತ್ರಿಕೋದ್ಯಮಿಯೂ ಆದ ಸುವೋರಿನನಿಗೆ ಬರೆದ ಕಾಗದ ಬಹಳ ಮುಖ್ಯವಾದುದು. ಚಳಿಗಾಲದಲ್ಲಿಯೂ ತೇವದ ದಿನಗಳಲ್ಲಿಯೂ ತಾನು ಕೆಮ್ಮುವುದುಂಟು, ಅದೇನೂ ತನ್ನನ್ನು ಹೆದರಿಸುವುದಿಲ್ಲ. ಆದರೆ ಬಾಯಿಂದ ಬರುವ ರಕ್ತದಲ್ಲಿ ಮಾತ್ರ, ಆಕಾಶದಲ್ಲಿ ಕಾಣುವ ಬೆಂಕಿಯ ಕೆಂಪಿನಲ್ಲಿರುವಂತೆ, ಏನೋ ಅಪಶಕುನವಿದೆಯೆಂದು ಹೇಳುತ್ತಾನೆ. ಇಷ್ಟು ಹೇಳಿ, ಕೂಡಲೇ ತರ್ಕಕ್ಕೆ ಇಳಿಯುತ್ತಾನೆ. ನ್ಯಾಯಾಲಯದಲ್ಲಿ ಅಂದು ಬಂದ ರಕ್ತ ಕ್ಷಯದ ಆರಂಭವಾಗಿದ್ದ ಪಕ್ಷದಲ್ಲಿ ತಾನು ಎಂದೋ ಪರಲೋಕ ಸೇರಬೇಕಾಗಿತ್ತು; ಸೇರಿಲ್ಲ; ಆದುದರಿಂದ ಅದು ಕ್ಷಯವಲ್ಲ! ಈ ತರ್ಕವನ್ನು ಓದಿ ನನಗೆ ನಗು ಬಂದಿತು, ಹಿಂದೆಯೇ ಗಂಟಲು ಕಟ್ಟಿತು. ರೋಗಿಯೊಬ್ಬನು ತನ್ನೆದುರು ಕುಳಿತು ಇದೇ ವಾದವನ್ನು ಹೂಡಿದ್ದರೆ ವೈದ್ಯ ಚೆಕೋವನು ಏನೆನ್ನುತ್ತಿದ್ದನೊ!

ಮರುವರ್ಷವೇ ಉತ್ತರ ಮನೆಯೊಳಗಿನಿಂದ ಬಂದಿತು. 1889ರ ವಸಂತದಲ್ಲಿ ಚಿತ್ರಕಾರ ಅಣ್ಣ ನಿಕೊಲಾಯನು ಹಾಸಿಗೆ ಹಿಡಿದನು. ಅದೂ ಕ್ಷಯವೇ. ಇಲ್ಲಿ ಮಾತ್ರ ಚೆಕೋವನು ತನ್ನನ್ನು ತಾನು ಮೋಸಗೊಳಿಸಿಕೊಳ್ಳಲಿಲ್ಲ. ಅಣ್ಣನು ಉಳಿಯುವುದಿಲ್ಲವೆಂದು ಅವನಿಗೆ ನಿಚ್ಚಳವಾಗಿ ಗೊತ್ತಿತ್ತು. ಉಕ್ರೇನ್ ಸೀಮೆಯ ಸೂಮಿ ಎಂಬಲ್ಲಿಗೆ, ಹೊಳೆಯ ದಂಡೆಯ ಬಾಡಿಗೆ ಮನೆಗೆ, ಕರೆದುಕೊಂಡು ಹೋಗಿ ವಾರಗಟ್ಟಲೆ ಆರೈಕೆ ಮಾಡಿದನು. ರಾತ್ರಿಯೆಲ್ಲ ಪಕ್ಕದ ಕೋಣೆಯ ಕೆಮ್ಮು. ತನ್ನ ಕೆಮ್ಮೂ ಅದಕ್ಕೆ ಉತ್ತರ ಕೊಟ್ಟಿರಬೇಕು. ಜೂನ್ ತಿಂಗಳಲ್ಲಿ ಹಿರಿಯಣ್ಣ ಅಲೆಕ್ಸಾಂಡರನು ಬಂದಾಗ, ನಾಲ್ಕು ದಿನ ಉಸಿರಾಡಿ ಬರೋಣವೆಂದು ಚೆಕೋವನು ಸ್ನೇಹಿತರೊಡನೆ ಬೇರೆ ಊರಿಗೆ ಹೊರಟನು. ಮಳೆಯಲ್ಲಿ ತೊಯ್ದು ಅಲ್ಲಿ ತಲುಪಿದ್ದಷ್ಟೆ, ಹಿಂದೆಯೇ ತಂತಿ ಬಂದಿತು. ನಿಕೊಲಾಯನು ಮೂವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದನು. ಶವಸಂಸ್ಕಾರದಲ್ಲಿ ಎಲ್ಲರೂ ಅಳುತ್ತಿದ್ದರು, ಆಂಟನ್ ಒಬ್ಬನೇ ಅಳಲಿಲ್ಲ, ಅದು ಒಳ್ಳೆಯದಲ್ಲವೆಂದು ಅಲೆಕ್ಸಾಂಡರನು ತಂದೆಗೆ ಬರೆದನು. ಅಳದೆ ಇದ್ದವನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಆ ವರ್ಷ ಹೊರಬಂದ ಕಥೆಯೊಂದು ಹೇಳುತ್ತದೆ. 'ಬೇಸರದ ಕಥೆ' ಎಂದು ಅದರ ಹೆಸರು. ಅರವತ್ತೆರಡು ವರ್ಷದ ವೈದ್ಯ ಪ್ರಾಧ್ಯಾಪಕನೊಬ್ಬನು ತಾನು ಇನ್ನು ಆರು ತಿಂಗಳಿಗಿಂತ ಹೆಚ್ಚು ಬದುಕುವುದಿಲ್ಲವೆಂದು ತಾನೇ ಲೆಕ್ಕ ಹಾಕಿಕೊಂಡಿದ್ದಾನೆ. ಆದರೂ ಪುಸ್ತಕಗಳನ್ನು ತಿರುವಿಹಾಕುತ್ತ ತನ್ನ ಲೆಕ್ಕ ತಪ್ಪಿರಬಾರದೇ ಎಂದು ಆಸೆಪಡುತ್ತಾನೆ. ಬರೆದವನಿಗೆ ಆಗ ಇಪ್ಪತ್ತೊಂಬತ್ತು. ಎಲ್ಲರೂ ಮುದುಕನ ಮನಸ್ಸನ್ನು ಈ ಹುಡುಗ ಹೇಗೆ ತಿಳಿದನೆಂದು ಬೆರಗಾಗುತ್ತಾರೆ. ನನಗೆ ಅದರಲ್ಲಿ ಬೆರಗು ಕಾಣಲಿಲ್ಲ.

ಮುಂದಿನದು ಸಖಾಲಿನ್ ಯಾತ್ರೆ. ಸೈಬೀರಿಯಾದ ಆಚೆ, ಜಪಾನಿನ ಮಗ್ಗುಲಲ್ಲಿ, ರಷ್ಯಾ ಸರ್ಕಾರವು ಕೈದಿಗಳನ್ನು ಸಾಗಿಸುತ್ತಿದ್ದ ದ್ವೀಪವದು. ನಮ್ಮವರ ಕಾಲಾಪಾನಿಯಿದ್ದಂತೆ. 1890ರ ಏಪ್ರಿಲ್ ತಿಂಗಳಲ್ಲಿ ಚೆಕೋವನು ಅಲ್ಲಿಗೆ ಹೊರಟುನಿಂತನು. ಯಾರೂ ಕಳುಹಿಸಿರಲಿಲ್ಲ, ಯಾರೂ ಕೇಳಿರಲಿಲ್ಲ. ಸೈಬೀರಿಯಾದ ರೈಲುಮಾರ್ಗದ ಕೆಲಸ ಇನ್ನೂ ಆರಂಭವಾಗಿರದ ಕಾಲ. ನಾಲ್ಕು ಸಾವಿರ ಕಿಲೋಮೀಟರಿಗೂ ಮಿಗಿಲಾಗಿ ಕುದುರೆಗಾಡಿಯಲ್ಲಿಯೇ, ಕೆಸರು, ಪ್ರವಾಹ, ಮಂಜಿನ ನಡುವೆ ಹೋಗಬೇಕಾಯಿತು. ದಾರಿಯ ಆರಂಭದಲ್ಲಿಯೇ ಬಾಯಿಂದ ರಕ್ತ ಬಂದು ಮನಸ್ಸು ಕುಗ್ಗಿತೆಂದು ಕಾಗದದಲ್ಲಿ ತಿಳಿಸುತ್ತಾನೆ. ಹಿಂದಿರುಗುವ ಮಾತನ್ನು ಮಾತ್ರ ಎತ್ತುವುದಿಲ್ಲ. ಜುಲೈ ತಿಂಗಳಲ್ಲಿ ದ್ವೀಪವನ್ನು ತಲುಪಿ, ಮೂರು ತಿಂಗಳು ಗುಡಿಸಿಲಿನಿಂದ ಗುಡಿಸಿಲಿಗೆ ನಡೆದು, ಸುಮಾರು ಹತ್ತು ಸಾವಿರ ಜನರ ವಿವರವನ್ನು ಒಬ್ಬೊಬ್ಬರಿಗೆ ಒಂದೊಂದು ಚೀಟಿಯಂತೆ ಬರೆದುಕೊಂಡನು. ನಮ್ಮೂರಿನಲ್ಲಿ ಜನಗಣತಿಗೆ ಬಂದ ಮೇಷ್ಟರು ಮುನ್ನೂರು ಮನೆ ಸುತ್ತುವಷ್ಟರಲ್ಲಿ ಸುಸ್ತಾಗಿದ್ದರು. ರೋಗಪೀಡಿತನಾದ ತರುಣನು ಇಂಥ ಕೆಲಸಕ್ಕೆ ಏಕೆ ಹೊರಟನೆಂಬುದಕ್ಕೆ ಪಂಡಿತರು ನಾನಾ ಕಾರಣ ಕೊಡುತ್ತಾರೆ. ಕೈದಿಗಳ ಮೇಲಣ ಕನಿಕರ, ವೈದ್ಯಶಾಸ್ತ್ರಕ್ಕೆ ತೀರಿಸಬೇಕಾದ ಋಣ, ಅಣ್ಣನ ಸಾವಿನ ದುಃಖ, ಎಲ್ಲವೂ ನಿಜವಿರಬಹುದು. ಇವುಗಳ ಜೊತೆಗೆ ಇನ್ನೊಂದೂ ಇತ್ತೆಂದು ನನ್ನ ನಂಬಿಕೆ: ತನ್ನ ಶರೀರವು ತನಗೆ ಎಷ್ಟರಮಟ್ಟಿಗೆ ಇನ್ನೂ ಅಧೀನವಾಗಿದೆ ಎಂಬುದನ್ನು ಆತನಿಗೆ ನೋಡಬೇಕಾಗಿತ್ತು. ಈ ಹಟವನ್ನು ನಾನು ಬಲ್ಲೆ. ವೈದ್ಯರ ಕೈಗೆ ಎದೆ ಕೊಡಲು ಹೆದರಿದವನು ಸೈಬೀರಿಯಾಕ್ಕೆ ಹೆದರಲಿಲ್ಲ.

ಹಿಂದಿರುಗಿದ್ದು ಹಡಗಿನಲ್ಲಿ. ಹಾಂಗ್‌ಕಾಂಗ್, ಸಿಂಗಪುರ ದಾಟಿ ನವೆಂಬರಿನಲ್ಲಿ ನಮ್ಮ ನೆರೆಯ ಸಿಂಹಳದ್ವೀಪಕ್ಕೆ ಬಂದನು. ಕೊಲಂಬೊ, ಕ್ಯಾಂಡಿಗಳನ್ನು ನೋಡಿ ಅದನ್ನು ಸ್ವರ್ಗವೆಂದೇ ಬಣ್ಣಿಸಿದ್ದಾನೆ. ಇನ್ನೊಂದು ಚೂರು ಸಮುದ್ರ ದಾಟಿದ್ದರೆ ರಾಮೇಶ್ವರವನ್ನೂ ಕಾಣುತ್ತಿದ್ದನು! ಅಲ್ಲಿಂದ ಮುಂಗುಸಿಗಳನ್ನು ಕೊಂಡು ಮಾಸ್ಕೋಗೆ ಒಯ್ದನು. ಅವು ಮನೆಯ ಸಾಮಾನನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿದ ಕಥೆ ಬೇರೆ. ನನಗೆ ಬೇಕಾದದ್ದು ಆತನು ಆ ಹಡಗಿನ ಪ್ರಯಾಣದಿಂದ ತಂದ ಇನ್ನೊಂದು ವಸ್ತು, 'ಗೂಸೆವ್' ಎಂಬ ಕಥೆ. ಸಿಂಗಪುರದ ದಾರಿಯಲ್ಲಿ ಸತ್ತ ಇಬ್ಬರನ್ನು ಹಾಯಿಬಟ್ಟೆಯಲ್ಲಿ ಹೊಲಿದು ಸಮುದ್ರಕ್ಕೆ ಬಿಟ್ಟುದನ್ನು ಆತನು ಕಣ್ಣಾರೆ ಕಂಡಿದ್ದನು. ಕಥೆಯಲ್ಲಿ ಗೂಸೆವ್ ಎಂಬ ಬಡ ಸಿಪಾಯಿಯು ಹಡಗಿನ ರೋಗಿಗಳ ಕೋಣೆಯಲ್ಲಿ ಕ್ಷಯದಿಂದ ಸಾಯುತ್ತಿದ್ದಾನೆ. ಅವನ ಪಕ್ಕದಲ್ಲಿ ಪಾವೆಲ್ ಇವಾನಿಚ್ ಎಂಬ ಓದುಬರಹ ಬಲ್ಲವನೊಬ್ಬನು ಕುಳಿತು, ಈ ಸಿಪಾಯಿಗಳು ಏನೂ ತಿಳಿಯದ ಮೂಢರೆಂದು ಮರುಗುತ್ತಾನೆ. ತನ್ನ ಶ್ವಾಸಕೋಶಗಳು ಗಟ್ಟಿಯಾಗಿವೆ, ಈ ಕೆಮ್ಮು ಹೊಟ್ಟೆಯ ಕೆಮ್ಮೆಂದು ಹೇಳಿಕೊಳ್ಳುತ್ತಾನೆ. ಅವನು ಗೂಸೆವನಿಗಿಂತ ಮೊದಲೇ ಸಾಯುತ್ತಾನೆ.

ಈ ಕಥೆಯನ್ನು ಗ್ರಂಥಾಲಯದಲ್ಲಿ ಕುಳಿತು ಓದುತ್ತಿದ್ದ ನಾನು ಈ ಜಾಗಕ್ಕೆ ಬಂದಾಗ ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ತಿರುಗಾಡಿ ಬಂದೆ. ಗಂಟಲಿನ ರಕ್ತನಾಳವೆಂದು ಹೇಳಿದವನೂ ಹೊಟ್ಟೆಯ ಕೆಮ್ಮೆಂದು ಹೇಳಿದವನೂ ಬೇರೆ ಬೇರೆಯೇ? ತನಗೆ ತಾನು ಹೇಳಿಕೊಳ್ಳಲಾರದ ಮಾತನ್ನು ಆತನು ಪಾತ್ರದ ಬಾಯಲ್ಲಿಟ್ಟು ಲೋಕಕ್ಕೆಲ್ಲ ಹೇಳಿದ್ದಾನೆ. ಅದೂ ಅಳುಕರೆಯ ದನಿಯಲ್ಲಲ್ಲ. ಸ್ವಲ್ಪ ನಕ್ಕು, ಸ್ವಲ್ಪವೂ ಕಹಿಯಿಲ್ಲದೆ. ಮನೆಯವರಿಂದ ಮುಚ್ಚಿಟ್ಟನು, ಸ್ನೇಹಿತರಿಂದ ಮುಚ್ಚಿಟ್ಟನು, ವೈದ್ಯರಿಂದ ಮುಚ್ಚಿಟ್ಟನು. ಕಾಗದದಿಂದ ಮುಚ್ಚಿಡಲಿಲ್ಲ. ಯೌವನದಲ್ಲಿ ಇಂಥ ರೋಗವನ್ನು ಹೊತ್ತು ಆತನು ಹೇಗೆ ಹುಚ್ಚನಾಗದೆ ಉಳಿದನೆಂದು ನನ್ನನ್ನು ಯಾರಾದರೂ ಕೇಳಿದರೆ ಈ ಕಥೆಯನ್ನು ತೋರಿಸುತ್ತೇನೆ.

1892ರಲ್ಲಿ ಮಾಸ್ಕೋದ ದಕ್ಷಿಣಕ್ಕಿರುವ ಮೆಲಿಖೋವೊ ಎಂಬ ಹಳ್ಳಿಯಲ್ಲಿ ಜಮೀನು ಕೊಂಡು ಸಂಸಾರ ಸಮೇತ ನೆಲೆಸಿದನು. ಅಜ್ಜನು ಜಮೀನಿನೊಡನೆ ಮಾರಾಟವಾಗಬಹುದಾಗಿದ್ದವನು, ಮೊಮ್ಮಗನು ಜಮೀನುದಾರನಾದನು. ಆ ವರ್ಷ ಕಾಲರಾ ಬೇನೆ ಬಂದಾಗ 25 ಹಳ್ಳಿ, 4 ಕಾರ್ಖಾನೆ, ಒಂದು ಮಠ ಇಷ್ಟರ ವೈದ್ಯಭಾರವನ್ನು ಸಂಬಳವಿಲ್ಲದೆ ವಹಿಸಿಕೊಂಡನು. ಮುಂದೆ ಸುತ್ತಿನ ಹಳ್ಳಿಗಳಲ್ಲಿ ಮೂರು ಶಾಲೆಗಳನ್ನು ಕಟ್ಟಿಸಿದನು. ರೋಗಿಗಳು ಬೆಳಗಿನ ಜಾವದಿಂದಲೇ ಬಾಗಿಲಲ್ಲಿ ಸಾಲುಗಟ್ಟುತ್ತಿದ್ದರು. ಎದೆಯ ಮಾತು ಬಂದಾಗ ತಮಾಷೆ ಮಾಡಿ ತೇಲಿಸಿಬಿಡುವ ಅಭ್ಯಾಸ ಮಾತ್ರ ಹಾಗೆಯೇ ಇತ್ತು.

ಕೊನೆಗೆ 1897ರ ಮಾರ್ಚ್ ತಿಂಗಳಲ್ಲಿ ಆ ಅಭ್ಯಾಸ ಮುಗಿಯಿತು. ಮಾಸ್ಕೋದ ಹೋಟೆಲೊಂದರಲ್ಲಿ ಸುವೋರಿನನೊಡನೆ ಊಟಕ್ಕೆ ಕುಳಿತಾಗ ಬಾಯಿಂದ ರಕ್ತ ಧಾರೆಯಾಗಿ ಹರಿಯಿತು. ತಡೆಯಲಾಗಲಿಲ್ಲ. ಪ್ರಾಧ್ಯಾಪಕ ಆಸ್ಟ್ರೂಮೋವನ ಚಿಕಿತ್ಸಾಲಯಕ್ಕೆ ಸೇರಿಸಿದರು. ಮೂವತ್ತೇಳನೆಯ ವಯಸ್ಸಿನಲ್ಲಿ, ಹನ್ನೆರಡು ವರ್ಷ ತಪ್ಪಿಸಿಕೊಂಡ ಪರೀಕ್ಷೆಯನ್ನು ವೈದ್ಯರು ಮಾಡಿದರು: ಎರಡೂ ಶ್ವಾಸಕೋಶಗಳ ತುದಿಯಲ್ಲಿ ಕ್ಷಯ. ಊರಿನಲ್ಲಿರುವ ತಂದೆತಾಯಿಗಳಿಗೆ ತಿಳಿಸಕೂಡದೆಂದು ಆತನ ಕಟ್ಟಪ್ಪಣೆ. ತಂಗಿ ಮಾರಿಯಾ ಓಡಿಬಂದಳು. ಹಾಸಿಗೆಯ ಹತ್ತಿರದ ಮೇಜಿನ ಮೇಲೆ ಶ್ವಾಸಕೋಶಗಳ ಚಿತ್ರವೊಂದಿತ್ತು. ನೀಲಿಯಲ್ಲಿ ಗೆರೆ ಎಳೆದು, ಮೇಲ್ಭಾಗಕ್ಕೆ ಕೆಂಪು ಪೆನ್ಸಿಲಿನ ಬಣ್ಣ ತುಂಬಿದ್ದರು. ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಅಷ್ಟು ವರ್ಷ ಮುಚ್ಚಿಟ್ಟದ್ದು ಒಂದು ಕೆಂಪು ಪೆನ್ಸಿಲಿನಿಂದ ಬಯಲಾಯಿತು. ವೃದ್ಧ ಟಾಲ್‌ಸ್ಟಾಯ್ ಆತನನ್ನು ನೋಡಲು ಬಂದನು. ಬಂದವನು ಸುಮ್ಮನಿರದೆ ಆತ್ಮದ ಅಮರತ್ವದ ಮೇಲೆ ದೀರ್ಘವಾಗಿ ಚರ್ಚೆ ನಡೆಸಿದನು. ಮಾತನಾಡಕೂಡದೆಂದು ವೈದ್ಯರು ವಿಧಿಸಿದ್ದ ರೋಗಿಗೆ ಅಂದು ರಾತ್ರಿ ಮತ್ತೆ ರಕ್ತ ಬಂದಿತು. ಮಹಾಪುರುಷರಿಗೂ ರೋಗಿಯನ್ನು ನೋಡಲು ಹೋಗುವ ರೀತಿ ತಿಳಿದಿರುವುದಿಲ್ಲವೆಂದು ಹೇಳಿದರೆ ನನ್ನ ಗುರುಗಳು ಸಿಟ್ಟಾಗಲಾರರೆಂದು ಭಾವಿಸುತ್ತೇನೆ.

ಮುಂದಿನ ಏಳು ವರ್ಷಗಳ ಕಥೆ ಎಲ್ಲರಿಗೂ ಗೊತ್ತಿದ್ದುದೇ. ಮೆಲಿಖೋವೊ ಬಿಟ್ಟು ಕಪ್ಪು ಸಮುದ್ರದ ದಡದ ಯಾಲ್ಟಾಕ್ಕೆ ಹೋದುದು, ಅಲ್ಲಿ ಮನೆ ಕಟ್ಟಿ ಗಿಡ ನೆಟ್ಟುದು, 1901ರಲ್ಲಿ ನಟಿ ಓಲ್ಗಾ ನಿಪ್ಪರಳನ್ನು ಮದುವೆಯಾದುದು, 'ನಾಯಿಯ ಜೊತೆಯ ಮಹಿಳೆ', 'ಮೂವರು ಸೋದರಿಯರು', 'ಚೆರ್ರಿ ತೋಟ' ಎಲ್ಲವೂ ರೋಗಕ್ಕೆ ಹೆಸರು ಬಂದ ಮೇಲಿನವು. ಹೆಸರಿಟ್ಟೊಡನೆ ಮಲಗಿಬಿಡಬೇಕಾಗುತ್ತದೆಂಬ ಭಯ ಸುಳ್ಳಾಯಿತು. ವೈದ್ಯವೃತ್ತಿಯನ್ನು ಬಿಡಬೇಕಾಯಿತೆಂಬುದು ನಿಜ. ಆದರೆ ಯಾಲ್ಟಾಕ್ಕೆ ಗಾಳಿಯ ಸಲುವಾಗಿ ಬಂದು, ಕೈಯಲ್ಲಿ ಕಾಸಿಲ್ಲದೆ, ಕ್ಷಯವೆಂದು ತಿಳಿದು ಯಾರೂ ಮನೆ ಬಾಡಿಗೆಗೆ ಕೊಡದೆ ಅಲೆಯುತ್ತಿದ್ದ ಬಡ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಈತನ ಬಾಗಿಲಿಗೇ ಬರುತ್ತಿದ್ದರು. ಅವರಿಗೆ ಇಳಿದುಕೊಳ್ಳಲು ಜಾಗ ಹುಡುಕುವುದು, ಅವರಿಗಾಗಿ ಪತ್ರಿಕೆಗಳ ಮೂಲಕ ಚಂದಾ ಎತ್ತುವುದು ಆತನ ನಿತ್ಯದ ಕೆಲಸವಾಯಿತು. ತನ್ನ ಕೆಮ್ಮನ್ನು ಇನ್ನು ಯಾರಿಂದಲೂ ಮರೆಸಬೇಕಾಗಿರಲಿಲ್ಲ.

1904ರ ಜೂನ್ ತಿಂಗಳಲ್ಲಿ ಓಲ್ಗಾಳೊಡನೆ ಜರ್ಮನಿಯ ಬಾಡೆನ್‌ವೈಲರ್ ಎಂಬ ಊರಿಗೆ ಚಿಕಿತ್ಸೆಗಾಗಿ ಹೋದನು. ಹೋಟೆಲಿನ ಕೋಣೆಯಲ್ಲಿ ಜುಲೈ 15ರ ನಡುರಾತ್ರಿ ಎಚ್ಚರವಾಗಿ, ವೈದ್ಯರನ್ನು ಕರೆಸೆಂದು ಹೆಂಡತಿಗೆ ಹೇಳಿದನು. ಆತನು ತಾನಾಗಿ ವೈದ್ಯರನ್ನು ಕರೆಸೆಂದದ್ದು ಅದೇ ಮೊದಲ ಬಾರಿಯೆಂದು ಆಕೆ ಬರೆದಿದ್ದಾಳೆ. ವೈದ್ಯನು ಬಂದನು. ಚೆಕೋವನು ಹಾಸಿಗೆಯ ಮೇಲೆ ಎದ್ದು ಕುಳಿತು, ವೈದ್ಯನು ಬಾಯಿ ತೆರೆಯುವ ಮೊದಲೇ, ತಾನು ಸಾಯುತ್ತಿದ್ದೇನೆಂದು ಅವನಿಗೆ ಜರ್ಮನ್ ಭಾಷೆಯಲ್ಲಿ ಸ್ಪಷ್ಟವಾಗಿ ತಿಳಿಸಿದನು. ವೈದ್ಯನು ಶಾಂಪೇನ್ ತರಿಸಿದನು. ಶಾಂಪೇನ್ ಕುಡಿದು ಬಹಳ ದಿನವಾಯಿತೆಂದು ಹೆಂಡತಿಯ ಕಡೆಗೆ ನೋಡಿ ನಕ್ಕು, ಲೋಟವನ್ನು ಪೂರ್ತಿ ಬರಿದುಮಾಡಿ, ಎಡಮಗ್ಗುಲಾಗಿ ಮಲಗಿಕೊಂಡನು.